ಒಂಟಿ ವರ್ತಕನ ದಾರಿಬುತ್ತಿ

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಬುತ್ತಿಯ ವಿಷಯದಲ್ಲಿ ಅದು ದಿಟವೇ. ಬೇಸಗೆಯಲ್ಲಿ ಕಟ್ಟಿಕೊಂಡ ಮೊಸರನ್ನ ಎರಡನೆಯ ಹೊತ್ತಿಗೇ ಹುಳಿಯಾಗುತ್ತದೆ. ಮಾತಿನ ವಿಷಯದಲ್ಲಿ ಮಾತ್ರ ಈ ಗಾದೆಯನ್ನು ಅಷ್ಟು ಸುಲಭವಾಗಿ ಒಪ್ಪಲು ನನಗೆ ಮನಸ್ಸಾಗದು. ವ್ಯಾಪಾರದ ಕೆಲಸದ ಮೇಲೆ ಒಂಟಿಯಾಗಿ ಊರೂರು ತಿರುಗುವವನಿಗೆ ಹಿಂದಿನವರು ಹೇಳಿಕೊಟ್ಟ ಕೆಲವು ಮಾತುಗಳು ಇನ್ನೂರು ವರ್ಷ ಕಳೆದರೂ ಹಳಸದೆ ಉಳಿದುಬಂದಿವೆ. ಅವು ಎಲ್ಲಿ ಹುಟ್ಟಿದುವು, ಯಾವ ಬೆಲೆ ತೆತ್ತು ಕಲಿತವು ಎಂಬುದನ್ನು ವಿಚಾರಿಸಲು ಹೊರಟರೆ, ಅರ್ಧ ಕಥೆ ನಮ್ಮ ಕೋಲಾರದ ಸೀಮೆಯ ದಾರಿಗಳಲ್ಲೇ ಸಿಕ್ಕುತ್ತದೆ.

ಮೊದಲು ಒಂದು ಹಳೆಯ ಆಜ್ಞಾಪತ್ರದ ಮಾತು. 1810ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಮೇಜರ್ ಜನರಲ್ ಸೇಂಟ್ ಲೆಜರ್ ಎಂಬ ದಳಪತಿ ಕಂಪೆನಿ ಸರ್ಕಾರದ ಬಂಗಾಳ ಸೈನ್ಯದ ಸಿಪಾಯಿಗಳಿಗೆ ಒಂದು ಎಚ್ಚರಿಕೆಯನ್ನು ಹೊರಡಿಸಿದ. ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿಗಳು ಸಂಬಳದ ಹಣದೊಡನೆ ದಾರಿಯಲ್ಲೇ ಕಾಣೆಯಾಗುತ್ತಿದ್ದರು. ಊರಿಗೂ ಮುಟ್ಟಲಿಲ್ಲ, ದಂಡಿಗೂ ಮರಳಲಿಲ್ಲ. ಆದುದರಿಂದ ಅವನು ಹೇಳಿದ್ದು ಇಷ್ಟು. ನಾನೂ ಅದೇ ದಿಕ್ಕಿಗೆ ಹೋಗುವವನು ಎಂದು ಹೇಳಿ ಜೊತೆಯಾಗಲು ಆತುರಪಡುವವನನ್ನು, ನಿನ್ನ ಕೆಲಸವೇನು ಗಂಟೇನು ಎಂದು ಕೆದಕಿ ಕೇಳುವವನನ್ನು ನಂಬಬೇಡಿ. ಉಳಿದ ಪ್ರಯಾಣಿಕರು ಏಳುವ ಮೊದಲೇ ಕತ್ತಲಲ್ಲಿ ತಂಗುದಾಣವನ್ನು ಬಿಟ್ಟು ಹೊರಡಬೇಡಿ. ದಾರಿಯಲ್ಲಿ ಪರಿಚಯವಾದವರಿಂದ ಎಲೆಯಡಿಕೆ, ಹೊಗೆಸೊಪ್ಪು, ಮಿಠಾಯಿ ತೆಗೆದುಕೊಳ್ಳಬೇಡಿ. ಅದರಲ್ಲಿ ದತ್ತೂರಿಯ ಬೀಜ ಬೆರೆತಿರಬಹುದು. ಹಣವನ್ನು ಮೈಮೇಲೆ ಹೊತ್ತುಕೊಂಡು ಹೋಗಬೇಡಿ, ಹುಂಡಿ ಮಾಡಿಸಿಕೊಳ್ಳಿ.

ವಾಚಕರು ಇಂದು ಯಾವುದಾದರೊಂದು ರೈಲ್ವೆ ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತಿದ್ದರೆ, ಅಪರಿಚಿತರು ಕೊಡುವ ತಿಂಡಿ ತೀರ್ಥಗಳನ್ನು ತೆಗೆದುಕೊಳ್ಳಬೇಡಿ ಎಂದು ಧ್ವನಿವರ್ಧಕ ಕೂಗುವುದನ್ನು ಕೇಳುತ್ತಾರೆ. ಎಲೆಯಡಿಕೆ ಹೋಗಿ ಬಿಸ್ಕತ್ತು ಬಂದಿದೆ. ಮಿಕ್ಕ ಮಾತೆಲ್ಲ ಆ ದಳಪತಿಯದೇ.

ಆಜ್ಞೆ ಹುಟ್ಟಿದ್ದು ಉತ್ತರ ದೇಶದಲ್ಲಿ, ನಿಜ. ಆದರೆ ಅದಕ್ಕೆ ಮೂರು ವರ್ಷ ಮೊದಲೇ, 1807ರಲ್ಲಿ, ಚಿತ್ತೂರಿಗೂ ಆರ್ಕಾಟಿಗೂ ನಡುವಣ ದಾರಿಯಲ್ಲಿ ತಿರುವಾಂಕೂರಿನ ಕಡೆಯಿಂದ ಹಿಂದಿರುಗುತ್ತಿದ್ದ ಒಂದು ಗುಂಪಿನವರು ಸೆರೆ ಸಿಕ್ಕಿದ್ದರು. ಅದಕ್ಕೂ ಮೊದಲು 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಕೆಲವೇ ದಿನಗಳಲ್ಲಿ, ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿಯನ್ನು ಹಿಡಿದಿದ್ದರು. ಬೆಂಗಳೂರನ್ನು ಆರ್ಕಾಟಿಗೆ ಸೇರಿಸುವ ಹೆದ್ದಾರಿ ಯಾವುದು? ಹೊಸಕೋಟೆ, ಕೋಲಾರ, ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು. ನಮ್ಮ ಮನೆಯ ಮುಂದಿನ ದಾರಿ ಎಂದರೂ ಆದೀತು.

ಈ ದಾರಿ ಬಹು ಹಳೆಯದು. ಮುಳಬಾಗಿಲು ಎಂದರೆ ಮೂಡಲ ಬಾಗಿಲು, ಕನ್ನಡ ನಾಡಿನ ಪೂರ್ವದ ಬಾಗಿಲು. ಅದಕ್ಕೂ ಆಚೆಯ ನಂಗಲಿಯನ್ನು ಗೆದ್ದುದನ್ನು ಹೊಯ್ಸಳ ವಿಷ್ಣುವರ್ಧನ ತನ್ನ ಬಿರುದುಗಳ ಸಾಲಿನಲ್ಲಿ ತಲಕಾಡಿನ ಪಕ್ಕದಲ್ಲೇ ಸೇರಿಸಿಕೊಂಡ. ಒಂದು ಕಣಿವೆಯ ದಾರಿಗೆ ಅಷ್ಟು ಬೆಲೆ. ಆದರೆ ಆ ಕಾಲದಲ್ಲಿ ಇಂಥ ದಾರಿಯಲ್ಲಿ ಒಂಟಿ ವರ್ತಕನೆಂಬ ಪ್ರಾಣಿ ಅಪರೂಪ. ವ್ಯಾಪಾರವೆಂದರೆ ಗುಂಪು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದವರ ಶಾಸನಗಳನ್ನು ಓದಿದವರಿಗೆ ಗೊತ್ತು: ಭೂಮಿಯೇ ತಮ್ಮ ಹಸುಬೆ ಎಂದು ಹೊಗಳಿಕೊಳ್ಳುವಷ್ಟು ಧೈರ್ಯ ಅವರಿಗಿತ್ತು. ಧೈರ್ಯ ಬಂದದ್ದು ಸಂಖ್ಯೆಯಿಂದ. ಕತ್ತೆ ಕೋಣಗಳ ಮೇಲೆ ಹೇರು, ಜೊತೆಯಲ್ಲಿ ಆಯುಧ ಹಿಡಿದವರು, ಹೋದ ಊರಿನಲ್ಲಿ ತಮ್ಮ ಸಂಘದವರದೇ ಬೀಡು. ಅವರಿಗೆ ಪ್ರಯಾಣದ ಹಿತೋಪದೇಶ ಬೇಕಾಗಿರಲಿಲ್ಲ. ಅವರ ಕಟ್ಟುಪಾಡೇ ಉಪದೇಶ.

ಒಂಟಿಯವನು ದಾರಿಗೆ ಬಿದ್ದದ್ದು ಕಟ್ಟುಗಳು ಸಡಲಿದ ಮೇಲೆ. ಹದಿನೆಂಟನೆಯ ಶತಮಾನದ ಯುದ್ಧಗಳು ನಮ್ಮ ಸೀಮೆಯನ್ನು ಮತ್ತೆ ಮತ್ತೆ ತುಳಿದುವು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಮುಳಬಾಗಿಲು ಕೋಲಾರಗಳ ಮೇಲೆ ಹಾದು ಬೆಂಗಳೂರನ್ನು ಮುತ್ತಿತು. ದಂಡು ಹಾದುಹೋದ ದಾರಿಯಲ್ಲಿ ಗುಂಪು ಕಟ್ಟಿಕೊಂಡು ವ್ಯಾಪಾರಕ್ಕೆ ಹೋಗಲು ಯಾರಲ್ಲಿ ಬಂಡವಾಳವಿದ್ದೀತು? ಆದರೂ ಉಪ್ಪು ಬೇಕು, ಅಡಿಕೆ ಬೇಕು, ಬಟ್ಟೆ ಬೇಕು. ಇಬ್ಬರು ಮೂವರು, ಕೆಲವು ಸಲ ಒಬ್ಬನೇ, ಒಂದೆರಡು ಹೇರೆತ್ತು ಹೊಡೆದುಕೊಂಡು ಹೊರಟರು. ಸರಕು ಮಾರಿ ಹಿಂದಿರುಗುವಾಗ ಹೇರು ಹಗುರ, ಸೊಂಟ ಭಾರ. ಕಳ್ಳನಿಗೆ ಬೇಕಾದದ್ದೂ ಅದೇ.

ಆ ಕಳ್ಳರ ಮೇಲೆ ಮದರಾಸಿನ ವೈದ್ಯಾಧಿಕಾರಿ ರಿಚರ್ಡ್ ಶೆರ್ವುಡ್ 1816ರಲ್ಲಿ ಒಂದು ದೀರ್ಘ ಲೇಖನ ಬರೆದ. ಉತ್ತರದಲ್ಲಿ ಅವರಿಗೆ ಠಕ್ಕರು ಎಂದು ಹೆಸರಾದರೆ ದಕ್ಷಿಣದಲ್ಲಿ ಫಾಂಸಿಗಾರರು. ಕನ್ನಡದಲ್ಲಿ ಅವರನ್ನು ತಂತಿಕಳ್ಳರು ಎನ್ನುತ್ತಿದ್ದರೆಂದು ಅವನೇ ಗುರುತು ಮಾಡಿದ್ದಾನೆ. ತೆಲುಗು ತಮಿಳುಗಳಲ್ಲಿಯೂ ಅವರಿಗೆ ಬೇರೆ ಬೇರೆ ಹೆಸರು. ಮೂರು ಭಾಷೆಯ ಜನವೂ ಹೆಸರಿಟ್ಟು ಕರೆಯುವಷ್ಟು ಪರಿಚಯವಿದ್ದ ಕಳ್ಳರು! ಅವರು ಕತ್ತಿ ಹಿರಿದು ಪೊದೆಯಿಂದ ನೆಗೆಯುವವರಲ್ಲ. ಊರಿನಲ್ಲಿ ಬೇಸಾಯಗಾರರು, ದಾರಿಯಲ್ಲಿ ವರ್ತಕರು. ಸಂತೆಯಲ್ಲಿ, ತಂಗುದಾಣದಲ್ಲಿ ಕುಳಿತು ಯಾರು ಎಲ್ಲಿಂದ ಬಂದರು, ಯಾರ ಕೈಯಲ್ಲಿ ಹಣ ಹರಿದಾಡುತ್ತಿದೆ ಎಂದು ನೋಡುತ್ತಿದ್ದರು. ಆಮೇಲೆ ಪರಿಚಯ, ಸುಖ ದುಃಖದ ಮಾತು, ಒಂದೆರಡು ದಿನದ ಜೊತೆ ಪ್ರಯಾಣ. ನಿರ್ಜನವಾದ ಎಡೆಯಲ್ಲಿ ಕೊರಳಿಗೆ ಉರುಲು, ನೆಲದಲ್ಲಿ ಗುಂಡಿ. ಪಾಳೆಯಗಾರರಲ್ಲಿ ಕೆಲವರಿಗೆ ಇದರಲ್ಲಿ ಪಾಲು ಸಲ್ಲುತ್ತಿತ್ತು. ಹೀಗಾಗಿ ದೂರು ಹೇಳಲು ಹೋದವನಿಗೆ ಬಾಗಿಲೇ ಇರಲಿಲ್ಲ.

ಈ ಬರಹಗಳನ್ನೆಲ್ಲ ಅಕ್ಷರಶಃ ನಂಬಬೇಕೆಂದು ನಾನು ಹೇಳುವುದಿಲ್ಲ. ಠಕ್ಕರೆಂದರೆ ಕಾಳಿಯ ಹೆಸರಿನಲ್ಲಿ ಕೊಲ್ಲುವ ಒಂದು ದೊಡ್ಡ ಗುಪ್ತ ಮತ ಎಂದು ಆಮೇಲೆ ಸ್ಲೀಮನ್ ಮೊದಲಾದ ಅಧಿಕಾರಿಗಳು ಕಟ್ಟಿದ ಚಿತ್ರವನ್ನು ಈಚಿನ ಇತಿಹಾಸಕಾರರು ಬಹಳ ಮಟ್ಟಿಗೆ ಶಂಕಿಸಿದ್ದಾರೆ. 1836ರ ಕಾಯಿದೆಯಂತೆ ಠಕ್ಕರ ಗುಂಪಿಗೆ ಸೇರಿದವನೆಂಬುದೇ ಅಪರಾಧವಾಯಿತು. ಅದರ ಬಲೆಯಲ್ಲಿ ನಿರಪರಾಧಿಗಳೂ ಸಿಕ್ಕಿರಬೇಕು. ಆದರೆ ದಂಡು ಬಿಟ್ಟು, ಹೊಲ ಬಿಟ್ಟು ದಿಕ್ಕುಗೆಟ್ಟವರು ದಾರಿಗೆ ಬಿದ್ದದ್ದೂ, ದಾರಿಹೋಕರು ಸತ್ತದ್ದೂ ಸುಳ್ಳಲ್ಲ. ನನ್ನನ್ನು ಕಾಡುವ ಸಂಗತಿ ಬೇರೆ. ತಂತಿಕಳ್ಳನ ಉಪಾಯವೂ ಒಳ್ಳೆಯ ವರ್ತಕನ ಉಪಾಯವೂ ಒಂದೇ: ಹಸನ್ಮುಖ, ಸವಿಮಾತು, ಎದುರಿನವನ ಊರು ಕೇರಿಗಳ ವಿಚಾರಣೆ. ಯಾರನ್ನೂ ನಂಬದ ಒಂಟಿ ಪ್ರಯಾಣಿಕ ಬದುಕಿ ಮನೆಗೆ ಬಂದಾನು, ಆದರೆ ಅವನ ಸರಕೂ ಅವನ ಜೊತೆಯಲ್ಲೇ ಮನೆಗೆ ಬಂದೀತು. ಇನ್ನೊಬ್ಬರ ನಂಬಿಕೆಯನ್ನು ಗಳಿಸಬೇಕು, ತನ್ನದನ್ನು ಎಲ್ಲರಿಗೂ ಕೊಡಕೂಡದು. ಒಂಟಿ ವ್ಯಾಪಾರದ ಕಷ್ಟವೆಲ್ಲ ಇಲ್ಲಿದೆ.

ಹಣದ ವಿಷಯದಲ್ಲಿ ಈ ಕಷ್ಟವನ್ನು ನಮ್ಮವರು ಬಹಳ ಹಿಂದೆಯೇ ಬುದ್ಧಿವಂತಿಕೆಯಿಂದ ಬಿಡಿಸಿಕೊಂಡಿದ್ದರು. ನಡುವಿಗೆ ಸುತ್ತಿಕೊಳ್ಳುವ ಉದ್ದನೆಯ ಹಣದ ಚೀಲಕ್ಕೆ ಹಮ್ಮಿಣಿ ಎಂದು ಹೆಸರು. ಅಂಗಿಯ ಒಳಗಿದ್ದರೂ ಅದನ್ನು ಕಟ್ಟಿಕೊಂಡವನ ನಡಿಗೆಯೇ ಬೇರೆ. ಬಲ್ಲವನಿಗೆ ದೂರದಿಂದಲೇ ಗೊತ್ತಾಗುತ್ತದೆ. ಹುಂಡಿ ಅದಕ್ಕೆ ಮದ್ದು. ಬೆಂಗಳೂರಿನ ಪೇಟೆಯ ಸಾಹುಕಾರನಲ್ಲಿ ಹಣ ಕಟ್ಟಿ ಚೀಟಿ ಬರೆಸಿಕೊಂಡರೆ ದೂರದ ಊರಿನಲ್ಲಿ ಅವನ ಪರಿಚಯದ ಸಾಹುಕಾರ ಹಣ ಕೊಡುತ್ತಾನೆ. ಕಂಡ ಕೂಡಲೆ ಕೊಡಬೇಕಾದದ್ದು ದರ್ಶನಿ ಹುಂಡಿ. ಗೊತ್ತುಮಾಡಿದ ದಿನಗಳು ಕಳೆದ ಮೇಲೆ ಕೊಡುವುದು ಮುದ್ದತಿ ಹುಂಡಿ. ಇವುಗಳಿಗಿಂತ ಜಾಣತನದ್ದು ಶಾಹಜೋಗ ಹುಂಡಿ. ಅದನ್ನು ತಂದವನು ಯಾರೇ ಆಗಲಿ, ಪೇಟೆಯಲ್ಲಿ ಹೆಸರುಳ್ಳ ಒಬ್ಬ ಗೃಹಸ್ಥನ ಮೂಲಕವೇ ಹಣ ಸಲ್ಲಬೇಕು. ದಾರಿಯಲ್ಲಿ ಕಿತ್ತುಕೊಂಡವನಿಗೆ ಆ ಕಾಗದ ಒಲೆ ಹೊತ್ತಿಸಲು ಮಾತ್ರ ಉಪಯೋಗ. ಮುಖ ನೋಡಿ ನಂಬುವ ಬದಲು ಮುಖವನ್ನು ಬಲ್ಲ ಇನ್ನೊಬ್ಬನನ್ನು ನಂಬುವ ಏರ್ಪಾಡು ಇದು. ಇದರ ಮುಂದೆ ಇಂದಿನ ಗುಪ್ತಸಂಖ್ಯೆಗಳು ನನಗೆ ಅಷ್ಟೇನೂ ಹೊಸದಾಗಿ ಕಾಣುವುದಿಲ್ಲ.

ಹುಂಡಿ ದೊಡ್ಡ ವರ್ತಕನಿಗಾಯಿತು. ಸಣ್ಣವನ ಗತಿಯೇನು? ಅದನ್ನು ತಿಳಿಯಲು ನಾನು ಪುಸ್ತಕ ನೋಡಬೇಕಾಗಿಲ್ಲ. ನಮ್ಮದು ಮಾಲೂರು ತಾಲ್ಲೂಕಿನ ಮಾಸ್ತಿಯ ಕಡೆ. ಮಾಸ್ತಿ ಎಂದೊಡನೆ ವಾಚಕರಿಗೆ ವೆಂಕಟೇಶ ಅಯ್ಯಂಗಾರ್ಯರ ನೆನಪಾಗುವುದು ಸಹಜ. ಅವರೂ ಸರ್ಕಾರದ ಅಧಿಕಾರಿಯಾಗಿ ಸರ್ಕೀಟು ತಿರುಗಿದವರೇ. ಆದರೆ ಅಧಿಕಾರಿಯ ಸರ್ಕೀಟಿಗೆ ಬಂಗಲೆ ಉಂಟು, ಮುಂದೆ ಓಡುವ ಜವಾನ ಉಂಟು. ನಮ್ಮ ತಾತನವರಿಗೆ ಇದ್ದದ್ದು ಒಂದು ಜೊತೆ ಎಕ್ಕಡ. ಅವರು ಹುಣಸೆಹಣ್ಣಿನ ವ್ಯಾಪಾರಿ. ಮಾಸ್ತಿಯ ತೆಂಕಣಕ್ಕೆ ಸ್ವಲ್ಪ ದೂರ ಹೋದರೆ ತಮಿಳು ಸೀಮೆ, ಬೇರಿಕೆ, ಬಾಗಲೂರು, ಹೊಸೂರು. ಮೂಡಲಿಗೆ ಹೋದರೆ ತೆಲುಗು. ಮರದ ಮೇಲಿನ ಕಾಯಿಯನ್ನೇ ನೋಡಿ ಬೆಲೆ ಕಟ್ಟಿ, ಮುಂಗಡ ಕೊಟ್ಟು ಬರಲು ಅವರು ಈ ಮೂರು ಭಾಷೆಯ ಊರುಗಳನ್ನೂ ಒಬ್ಬರೇ ಸುತ್ತುತ್ತಿದ್ದರು.

ನಮ್ಮ ತಂದೆಯವರನ್ನು ಮೊದಲ ಸಲ ಒಂಟಿಯಾಗಿ ಹೊಸೂರಿಗೆ ಕಳಿಸಿದಾಗ ತಾತ ಹೇಳಿದ್ದನ್ನು ಅವರು ನಮಗೆ ನೂರು ಸಲ ಹೇಳಿದ್ದಾರೆ. “ಊರು ಕೇಳಿದರೆ ಹೇಳು, ಹೆಸರು ಕೇಳಿದರೆ ಹೇಳು. ಗಂಟು ಕೇಳಿದರೆ ಮಳೆ ಬೆಳೆ ಮಾತಾಡು.” ಇನ್ನೊಂದು: “ಒಬ್ಬನೇ ಬಂದೆಯಾ ಅಂದರೆ, ನಮ್ಮೋರು ಹಿಂದೆ ಬತ್ತಾವ್ರೆ ಅನ್ನು.” ಹಣವನ್ನು ಮೂರು ಕಡೆ ಇಡಬೇಕು: ದಾರಿಯ ಖರ್ಚಿನ ಚಿಲ್ಲರೆ ಅಡಿಕೆ ಚೀಲದಲ್ಲಿ, ಮುಂಗಡದ ಹಣ ಒಳಜೇಬಿನಲ್ಲಿ, ಮನೆಗೆ ಮರಳುವಷ್ಟು ಮಾತ್ರ ಪಂಚೆಯ ಅಂಚಿನಲ್ಲಿ ಹೊಲಿದು. ಚಿಲ್ಲರೆ ತೆಗೆಯುವಾಗ ಗಂಟು ಕಾಣಬಾರದು. ಹೊಸ ಊರಿಗೆ ಹೊತ್ತು ಮುಳುಗುವ ಮೊದಲೇ ಸೇರಬೇಕು. ಬೆಳಕಿನಲ್ಲಿ ಬಂದವನು ನೆಂಟ, ಕತ್ತಲಲ್ಲಿ ಬಂದವನು ಕಳ್ಳ. ಎದುರಿನವನು ಯಾವ ಭಾಷೆಯಲ್ಲಿ ಮಾತಾಡಿದರೂ ಮೂರೂ ತಿಳಿಯುತ್ತದೆಂದು ತೋರಿಸಿಕೊಳ್ಳಬಾರದು. ಈ ಕೊನೆಯ ಮಾತು ನಮ್ಮ ಗಡಿ ಸೀಮೆಯವರಿಗೇ ಹೊಳೆಯತಕ್ಕದ್ದು. ನಿನಗೆ ತೆಲುಗು ಬಾರದೆಂದು ತಿಳಿದು ಇಬ್ಬರು ತೆಲುಗಿನಲ್ಲಿ ನಿನ್ನ ಬೆಲೆಯನ್ನು ಮಾತಾಡಿಕೊಂಡರೆ, ಅದರಲ್ಲಿ ಲಾಭವುಂಟಲ್ಲವೆ? ದಾರಿಗೆ ಹುರಿಹಿಟ್ಟು, ಬೆಲ್ಲ. ಎಲ್ಲಿ ನೀರು ಸಿಕ್ಕರೂ ಅದು ಊಟ, ಬೇರೆಯವರ ಒಲೆಯ ಹಂಗಿಲ್ಲ.

ತಾತನವರು ಸೇಂಟ್ ಲೆಜರನ ಹೆಸರು ಕೇಳಿದವರಲ್ಲ. ಆದರೂ ಈ ಮಾತುಗಳ ಹಿಂದೆ ಸತ್ತವರಿದ್ದಾರೆ ಎಂದು ನನಗೆ ತೋರುತ್ತದೆ. ಪುಕ್ಕಟೆಯಾಗಿ ಯಾರಿಗೂ ಇಂಥ ಬುದ್ಧಿ ಬರುವುದಿಲ್ಲ.

ಇನ್ನು ರಾತ್ರಿಯ ತಂಗುವಿಕೆ. ಛತ್ರ ಕಟ್ಟಿಸುವುದು, ಕೆರೆ ಅಗೆಸುವುದು, ಸಾಲುಮರ ನೆಡಿಸುವುದು ನಮ್ಮಲ್ಲಿ ಪುಣ್ಯ. ಬೆಂಗಳೂರಿನ ರೈಲ್ವೆ ನಿಲ್ದಾಣದೆದುರು 1903ರಲ್ಲಿ ತೆರೆದ ಗುಬ್ಬಿ ತೋಟದಪ್ಪನವರ ಛತ್ರವನ್ನು ನೋಡದವರು ಯಾರು? ಕಟ್ಟಿಸಿದವರು ವರ್ತಕರು. ವ್ಯಾಪಾರದಲ್ಲಿ ದುಡಿದದ್ದನ್ನು ಪ್ರಯಾಣಿಕರಿಗೂ ಓದುವ ಹುಡುಗರಿಗೂ ಬಿಟ್ಟರು. ಹೊಸ ಊರಿನಲ್ಲಿ ರೈಲು ಇಳಿದ ಒಂಟಿಯವನಿಗೆ ಎದುರಿಗೇ ಒಂದು ಮಾಡು ಕಾಣುವುದು ಎಷ್ಟು ದೊಡ್ಡ ಧೈರ್ಯವೆಂಬುದನ್ನು ತಿರುಗಿದವನೇ ಬಲ್ಲ. ಆದರೆ ಛತ್ರಗಳ ಇತಿಹಾಸವನ್ನು ಹೊಗಳಿಕೆಯಲ್ಲೇ ಮುಗಿಸುವುದು ನ್ಯಾಯವಲ್ಲ. ನಾಡಿನ ಹಲವು ಛತ್ರಗಳಲ್ಲಿ ಜಾತಿ ಕೇಳಿಯೇ ಚಾಪೆ ಹಾಕುತ್ತಿದ್ದರು. ಒಂದು ಪಂಗಡಕ್ಕೆ ಒಳಗೆ ಊಟ, ಇನ್ನೊಂದಕ್ಕೆ ಹೊರಗಿನ ಜಗಲಿ, ಮತ್ತೊಂದಕ್ಕೆ ಬಾಗಿಲೇ ಇಲ್ಲ. ಚರ್ಮದ ಸರಕು ಹೊತ್ತು ಸಂತೆಯಿಂದ ಸಂತೆಗೆ ನಡೆದ ಮನುಷ್ಯನೂ ವರ್ತಕನೇ ಅಲ್ಲವೆ? ಹೊತ್ತು ಮುಳುಗುವ ಮೊದಲೇ ಊರು ಸೇರು ಎಂಬ ಬುದ್ಧಿಮಾತು ಅವನಿಗೆ ಏನು ಪ್ರಯೋಜನ? ಬೆಳಕಿನಲ್ಲಿ ಬಂದರೂ ಅವನಿಗೆ ಊರ ಹೊರಗಿನ ಮರವೇ ಗತಿ. ಬಾಯಾರಿದರೆ ಬಾವಿಯ ಬಳಿ ಕೈಯೊಡ್ಡಿ ನಿಂತು, ಯಾರಾದರೂ ಮೇಲಿಂದ ನೀರು ಹೊಯ್ದಾರೆ ಎಂದು ಕಾಯಬೇಕು. ಪ್ರಯಾಣದ ಹಿತವಚನಗಳೆಲ್ಲ ಎಲ್ಲಿಯೋ ಒಂದು ಬಾಗಿಲು ತನಗೆ ತೆರೆಯುತ್ತದೆ ಎಂದು ನಂಬಿದವರು ಹೇಳಿದ ಮಾತು.

ಈ ಬಾಗಿಲಿನ ಕಥೆ ಪೂರ್ತಿ ಮುಗಿದಿಲ್ಲ. ನನ್ನ ತಂಗಿಯ ಮಗಳು ಯಂತ್ರದ ಬಿಡಿಭಾಗಗಳನ್ನು ಮಾರುವ ಕೆಲಸದಲ್ಲಿದ್ದಾಳೆ. ತಿಂಗಳಿಗೆ ಹತ್ತು ದಿನ ಒಬ್ಬಳೇ ಊರೂರು ಓಡಾಟ. ಕೆಲವು ವರ್ಷಗಳ ಹಿಂದೆ ಒಂದು ಜಿಲ್ಲಾ ಕೇಂದ್ರದಲ್ಲಿ ರಾತ್ರಿ ಒಂಬತ್ತು ಗಂಟೆಗೆ ಒಂದು ವಸತಿಗೃಹದವರು, ಒಂಟಿ ಹೆಂಗಸರಿಗೆ ಕೋಣೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದರಂತೆ. ಪದ್ಧತಿ! ಅವಳ ಕೈಯಲ್ಲಿ ಹಣವಿತ್ತು, ಗುರುತಿನ ಚೀಟಿಯಿತ್ತು, ಮುಂಗಡವಾಗಿ ಗೊತ್ತುಮಾಡಿದ ರಸೀತಿಯೂ ಇತ್ತು. ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಕುಳಿತು, ಗಿರಾಕಿಯೊಬ್ಬರ ಮನೆಯವರಿಗೆ ಫೋನು ಮಾಡಿ, ಅವರ ಮನೆಯಲ್ಲಿ ಮಲಗಿ ಬೆಳಗ್ಗೆ ತನ್ನ ಕೆಲಸ ಮುಗಿಸಿಕೊಂಡು ಬಂದಳು. ಆಮೇಲೆ ಅವಳು ಮಾಡಿಕೊಂಡ ಕಟ್ಟಳೆಗಳು ಇವು. ಹೊರಡುವ ಮುನ್ನ ವಸತಿಗೃಹಕ್ಕೆ ತಾನೇ ಫೋನು ಮಾಡಿ, ಬರುವವಳು ಒಬ್ಬಳೇ ಹೆಂಗಸು ಎಂದು ಹೇಳಿ ಒಪ್ಪಿಸಿಕೊಳ್ಳುವುದು. ಹೋಗುವ ಪ್ರತಿ ಊರಿನಲ್ಲಿಯೂ ಸಂಸಾರಸ್ಥರ ಒಂದು ಮನೆಯ ಪರಿಚಯ ಇಟ್ಟುಕೊಳ್ಳುವುದು. ಕೋಣೆಯ ಸಂಖ್ಯೆಯನ್ನು ಗುಮಾಸ್ತ ನಾಲ್ಕು ಜನರೆದುರು ಗಟ್ಟಿಯಾಗಿ ಕೂಗಿದರೆ ಬೇರೆ ಕೋಣೆ ಕೇಳುವುದು. ಎರಡನೆಯದು ಶಾಹಜೋಗ ಹುಂಡಿಯ ತತ್ತ್ವವೇ ಎಂದು ನಾನು ಹೇಳಿದೆ. ಅವಳು ನಕ್ಕು, “ಮಾವಾ, ನಿಮಗೆ ಎಲ್ಲದರಲ್ಲೂ ಹಳೇ ಕಾಲವೇ ಕಾಣುತ್ತೆ” ಎಂದಳು.

ದಾರಿಯ ಕಥೆಗೆ ಮರಳೋಣ. ಮಾರ್ಕ್ ಕಬ್ಬನ್ನನ ಕಾಲದಲ್ಲಿ, ಎಂದರೆ 1834ರಿಂದ 1861ರವರೆಗೆ, ಮೈಸೂರು ಸೀಮೆಯಲ್ಲಿ ಸುಮಾರು 1,600 ಮೈಲಿ ರಸ್ತೆ ಆಯಿತು. 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು. ಊರೂರಿಗೆ ಸುಂಕ ಕಟ್ಟಬೇಕಾದವನು ಗಂಟು ಬಿಚ್ಚಿ ತೋರಿಸಲೇಬೇಕಲ್ಲ. ಕಟ್ಟೆಯ ಬಳಿ ನಿಂತ ಹತ್ತು ಜೊತೆ ಕಣ್ಣು ಅದನ್ನು ನೋಡುತ್ತವೆ. ಅಂಥ ತೆರಿಗೆ ಕಡಿಮೆಯಾದದ್ದು ಒಂಟಿ ವರ್ತಕನ ಹಣಕ್ಕೆ ಮಾತ್ರವಲ್ಲ, ಪ್ರಾಣಕ್ಕೂ ಒಳ್ಳೆಯದಾಯಿತು ಎಂದು ನನ್ನ ಎಣಿಕೆ.

ಇದೇ ರಸ್ತೆಯ ಮೇಲೆ 1871ರಲ್ಲಿ ಮೈಕೇಲ್ ಲಾವೆಲ್ ಎಂಬ ನಿವೃತ್ತ ಸೈನಿಕ ಬೆಂಗಳೂರಿನಿಂದ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆಗೆ ಬಂದ. 1802ರಲ್ಲಿ ವಾರೆನ್ ಎಂಬ ಸೈನ್ಯಾಧಿಕಾರಿ ಈ ಕಡೆ ಮೋಜಣಿ ಮಾಡುತ್ತಿದ್ದಾಗ, ಚಿನ್ನ ತೋರಿಸಿದವರಿಗೆ ಇನಾಮು ಎಂದು ಸಾರಿ, ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆದದ್ದನ್ನು ಕಂಡು ಬರೆದಿದ್ದ. ಆ ಹಳೆಯ ಬರಹವನ್ನು ಓದಿದ ಲಾವೆಲ್ ಅದರ ಜಾಡು ಹಿಡಿದು ಹೊರಟಿದ್ದ. ನಮ್ಮ ಸೀಮೆಗೆ ವ್ಯಾಪಾರದ ಉದ್ದೇಶದಿಂದ ಒಂಟಿಯಾಗಿ ಬಂದವರಲ್ಲಿ ಇವನಷ್ಟು ದೂರದ ಪರಿಣಾಮ ಮಾಡಿದವನು ಇನ್ನೊಬ್ಬನಿಲ್ಲ. 1873ರಲ್ಲಿ ಸರ್ಕಾರದಿಂದ ಗಣಿಯ ಹಕ್ಕನ್ನೂ ಪಡೆದ. ಆದರೆ ನೆಲ ಅಗೆಯಲು ಒಬ್ಬನ ಗಂಟು ಸಾಲದು. ಕೆಲವೇ ವರ್ಷಗಳಲ್ಲಿ ಹಕ್ಕು ಬೇರೆಯವರ ಕೂಟಕ್ಕೆ ಹೋಯಿತು; ಚಿನ್ನ ಕಂಡದ್ದು ಅವರು, ಅವರ ನಂತರದವರು. ದಾರಿಯನ್ನು ಒಬ್ಬನೇ ತುಳಿಯಬಹುದು, ಗಣಿಯನ್ನು ಒಬ್ಬನೇ ತೋಡಲಾಗದು. ಬೆಂಗಳೂರಿನಲ್ಲಿ ಲಾವೆಲ್ ರಸ್ತೆ ಎಂದು ಹೆಸರು ಉಳಿದಿದೆ.

ಲಾವೆಲ್ ಎತ್ತಿನ ಗಾಡಿಯಲ್ಲಿ ಬರುವ ಹೊತ್ತಿಗೆ ರೈಲು ಬಂದು ಏಳು ವರ್ಷವಾಗಿತ್ತು. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ದಾರಿ ಬಿದ್ದು ಮದರಾಸಿಗೆ ಸಂಬಂಧವಾಯಿತು. ಮಾಲೂರು, ಟೇಕಲ್ ನಿಲ್ದಾಣಗಳಾದುವು; ಕಮಿಷನರ್ ಬೌರಿಂಗನ ಹೆಸರಿನ ಬೌರಿಂಗ್‌ಪೇಟೆ ಆಮೇಲೆ ಬಂಗಾರಪೇಟೆಯಾಯಿತು. ಜಿಲ್ಲೆಯ ಮುಖ್ಯಪಟ್ಟಣ ಕೋಲಾರ ಮಾತ್ರ ರೈಲನ್ನು ಕಾಣಲು 1913ರವರೆಗೆ ಕಾಯಿತು. ಮಾಸ್ತಿಗಂತೂ ಇಂದಿಗೂ ರೈಲಿಲ್ಲ. ರೈಲು ಬಂದದ್ದರಿಂದ ಉರುಲಿನ ಭಯ ಹೋಯಿತು. ದತ್ತೂರಿಯ ಭಯ ಹೋಗಲಿಲ್ಲ; ಹತ್ತೊಂಬತ್ತನೆಯ ಶತಮಾನದ ವೈದ್ಯ ಗ್ರಂಥಗಳು ದಾರಿಹೋಕರಿಗೆ ಉಮ್ಮತ್ತಿಯ ಬೀಜ ತಿನ್ನಿಸಿ ದೋಚಿದ ಸಂಗತಿಗಳನ್ನು ವಿಸ್ತಾರವಾಗಿ ಬರೆಯುತ್ತವೆ. ಡಬ್ಬಿಯಲ್ಲಿ ಎದುರುಬದುರು ಕೂರುವ ಪದ್ಧತಿ ಅವರಿಗೆ ಇನ್ನೂ ಅನುಕೂಲವಾಯಿತು. ದಾರಿಯಲ್ಲಿ ಎರಡು ದಿನ ನಡೆದು ಗಳಿಸಬೇಕಾಗಿದ್ದ ಸ್ನೇಹ ಇಲ್ಲಿ ಎರಡು ನಿಲ್ದಾಣಗಳ ನಡುವೆ ಆಗಿಬಿಡುತ್ತದೆ.

ನಿಜವಾದ ಬದಲಾವಣೆಯನ್ನು ತಂದದ್ದು ಉಗಿಬಂಡಿಗಿಂತ ಹೆಚ್ಚಾಗಿ ಅಂಚೆ ಎಂದು ನಾನು ಹೇಳುತ್ತೇನೆ. 1877ರಲ್ಲಿ ವಿ.ಪಿ. ಪದ್ಧತಿ, 1880ರಲ್ಲಿ ಮನಿಯಾರ್ಡರು ಅಂಚೆಯಲ್ಲಿ ಬಂದುವು. ಮೈಸೂರು ಸೀಮೆಯ ನಮ್ಮದೇ ಅಂಚೆ 1889ರಲ್ಲಿ ಇಂಡಿಯಾ ಅಂಚೆಯೊಡನೆ ಸೇರಿತು. ಸರಕು ಮಾರಿದ ಊರಿನಲ್ಲೇ ಹಣವನ್ನು ಅಂಚೆಗೆ ಕಟ್ಟಿ, ಬರಿಗೈ ಬೀಸಿಕೊಂಡು ಮನೆಗೆ ಬರಬಹುದು. ಸಾಹುಕಾರರ ಬಳಗದಲ್ಲಿ ಇಲ್ಲದ ಸಣ್ಣವನಿಗೂ ಹುಂಡಿ ದೊರೆತ ಹಾಗಾಯಿತು. ತಾತನವರು ಮನಿಯಾರ್ಡರಿನ ರಸೀತಿಗಳನ್ನು ಒಂದು ತಂತಿಗೆ ಚುಚ್ಚಿ ದೇವರ ಗೂಡಿನ ಪಕ್ಕ ನೇತುಹಾಕುತ್ತಿದ್ದರು.

ಇಷ್ಟೆಲ್ಲ ಎಚ್ಚರಿಕೆಯ ಮಾತಾಡಿದ ಮೇಲೆ, ಎಚ್ಚರಿಕೆಯನ್ನು ಗಂಟುಕಟ್ಟಿ ಮೂಲೆಗಿಟ್ಟವರೊಬ್ಬರನ್ನೂ ನೆನೆಯಬೇಕು. ಹಾವೇರಿಯ ಕಡೆಯ ಗಳಗನಾಥರು, ಎಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, 1869ರಿಂದ 1942ರವರೆಗೆ ಬಾಳಿದವರು. ಕಾದಂಬರಿಗಳನ್ನು ಬರೆದರು, ಅಚ್ಚು ಹಾಕಿಸಿದರು. ಕೊಳ್ಳುವವರು ಅಂಗಡಿಗೆ ಬರುವುದಿಲ್ಲವೆಂದು ಕಂಡಾಗ ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ನಡೆದು ಮಾರಿದರು. ಒಂಟಿ ವರ್ತಕನ ಯಾವ ಕಟ್ಟಳೆಗೂ ಇದು ಒಗ್ಗುವುದಿಲ್ಲ. ಸರಕು ಭಾರ, ಲಾಭ ಹಗುರ, ಗಿರಾಕಿಗೆ ಓದುವ ಆಸೆಯನ್ನೂ ವ್ಯಾಪಾರಿಯೇ ಹುಟ್ಟಿಸಬೇಕು. ಕಳ್ಳನ ಭಯ ಅವರಿಗೆ ಇದ್ದಿರಲಾರದು. ಕನ್ನಡ ಪುಸ್ತಕವನ್ನು ದೋಚಿದ ದರೋಡೆಕೋರನ ಸಂಗತಿಯನ್ನು ನಾನು ಯಾವ ದಾಖಲೆಯಲ್ಲಿಯೂ ಓದಿಲ್ಲ! ಅವರು ಬಾಗಿಲು ತಟ್ಟಿದ ಮನೆಗಳಲ್ಲಿ ಎಷ್ಟೋ ಜನ ಮೊದಲ ಕನ್ನಡ ಕಾದಂಬರಿಯನ್ನು ಓದಿದರು.

ಈಗ ಮಾಸ್ತಿಯ ಬೀದಿಯ ಅಂಗಡಿಗಳಲ್ಲಿ ಒಂದು ಸಣ್ಣ ಪೆಟ್ಟಿಗೆ, ಬಂದ ಹಣದ ಮೊತ್ತವನ್ನು ಇಡೀ ಬೀದಿಗೆ ಕೇಳುವಂತೆ ಕೂಗಿ ಹೇಳುತ್ತದೆ. 2016ರಲ್ಲಿ ಯುಪಿಐ ಬಂದಂದಿನಿಂದ ಹಮ್ಮಿಣಿಯ ಕೊನೆಯ ಮರಿಮಕ್ಕಳಾದ ಒಳಜೇಬುಗಳೂ ಬರಿದಾದುವು. ಗಂಟಿನ ಲೆಕ್ಕವನ್ನು ಡಂಗುರ ಹೊಯ್ದು ಹೇಳಿದರೂ ಈಗ ಅಂಗಡಿಯವನ ಪ್ರಾಣಕ್ಕೆ ಅಪಾಯವಿಲ್ಲ. ಕಳ್ಳನೂ ದಾರಿಯಲ್ಲಿ ಕಾಯುವುದಿಲ್ಲ. ದೂರದಿಂದ ಫೋನು ಮಾಡಿ, ತಾನು ಪೊಲೀಸಿನವನೆಂದೋ ಬ್ಯಾಂಕಿನವನೆಂದೋ ಹೇಳಿ, ಹೆಸರು ಕೇಳಿ, ಊರು ಕೇಳಿ, ಕೊನೆಗೆ ಗುಪ್ತಸಂಖ್ಯೆ ಕೇಳುತ್ತಾನೆ. ನಮ್ಮ ಕಡೆಯ ಒಬ್ಬ ಮುದುಕ ವರ್ತಕರು ಅಂಥವನೊಬ್ಬನೊಡನೆ ಅರ್ಧ ಗಂಟೆ ಈ ವರ್ಷದ ಮಳೆಯ ವಿಷಯ ಮಾತಾಡಿದರಂತೆ. ಕೊನೆಗೆ ಅವನೇ ಬೇಸತ್ತು ಫೋನಿಟ್ಟ.

ಬೇಟೆಯ ದಾರಿಯೂ ವ್ಯಾಪಾರದ ದಾರಿಯೂ ಬದಲಾದ ಹಾಗೆ ಮಣ್ಣಿನ ದಾರಿಯೂ ಬದಲಾಗಿದೆ. 1800ರಲ್ಲಿ ಫ್ರಾನ್ಸಿಸ್ ಬುಕನನ್ ಮದರಾಸಿನಿಂದ ಹೊರಟು ನಾಡಿನ ಬೆಳೆ, ಕಸುಬು, ವ್ಯಾಪಾರಗಳನ್ನು ಬರೆದುಕೊಳ್ಳುತ್ತ ಬೇತಮಂಗಲ, ಟೇಕಲ್ ಹಾದು ಬೆಂಗಳೂರಿಗೆ ಬಂದ. 2024ರ ಕೊನೆಯಲ್ಲಿ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆಗಳ ಪಕ್ಕದಲ್ಲಿ ಹಾದು ಬೇತಮಂಗಲದ ಕಡೆಗೆ ಚೆನ್ನೈ ಹೆದ್ದಾರಿಯ ಹೊಸ ಭಾಗ ವಾಹನಗಳಿಗೆ ತೆರೆಯಿತು. ಹೆಚ್ಚು ಕಡಮೆ ಬುಕನನ್ ಬಂದ ಸೀಮೆಯೇ. ಅವನು ದಿನಕ್ಕೊಂದು ಊರಿನಲ್ಲಿ ಡೇರೆ ಹಾಕಿ ನೇಕಾರರನ್ನೂ ರೈತರನ್ನೂ ಕರೆಸಿ ಕೇಳಿದ ದಾರಿಯನ್ನು ಈಗ ಒಂದು ಗಂಟೆಯೊಳಗೆ ದಾಟಬಹುದು, ಯಾರನ್ನೂ ಏನೂ ಕೇಳಬೇಕಾಗಿಲ್ಲ. ನಮ್ಮ ಊರಿನ ಹುಣಸೆಯ ವ್ಯಾಪಾರಿಗಳು ಮಾತ್ರ ಇನ್ನೂ ಹಳೆಯ ಮಾಲೂರು ರಸ್ತೆಯಲ್ಲೇ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಾರೆ. ಯಾವ ತೋಪಿನಲ್ಲಿ ಕಾಯಿ ಎಷ್ಟು ಹಿಡಿದಿದೆ, ಯಾರು ಯಾರಿಗೆ ಮುಂಗಡ ಕೊಟ್ಟರು ಎಂಬ ಸಮಾಚಾರ ಸಿಕ್ಕುವ ಟೀ ಅಂಗಡಿಗಳು ಆ ರಸ್ತೆಯಲ್ಲಿ ಮಾತ್ರ ಇವೆ.